ನಮ್ಮ ವಿರುದ್ಧ ಬರೆದವನ ಹೆಸರೂ ಪಟ್ಟಿಯಲ್ಲಿರಲಿ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಯೂದ 3, ಇಬ್ರಿಯ 13:3, ಫಿಲಿಪ್ಪಿ 1:15-18

  

ಇವತ್ತು ಎರಡು ವಚನಗಳನ್ನ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಮೊದಲನೆಯದು ಯೂದನ ಪತ್ರಿಕೆಯ ಮೂರನೇ ವಚನ. ದೇವಜನರ ಕೈಗೆ ಕೊಟ್ಟಿರುವ ನಂಬಿಕೆಯನ್ನ ಬಿಟ್ಟುಕೊಡಬೇಡಿ, ಅದಕ್ಕಾಗಿ ಹೋರಾಡಿ ಅಂತ ಯೂದ ಬರೀತಾನೆ. ಎರಡನೆಯದು ಇಬ್ರಿಯ ಪತ್ರಿಕೆಯ 13ನೇ ಅಧ್ಯಾಯದ ಮೂರನೇ ವಚನ. ಸೆರೆಯಲ್ಲಿರುವವರನ್ನ ನೆನಸುವಾಗ, ನಾವೂ ಅವರ ಜೊತೆ ಬೇಡಿ ಹಾಕಿಸಿಕೊಂಡಿದ್ದೀವಿ ಅನ್ನೋ ಹಾಗೆ ನೆನಸಬೇಕು ಅನ್ನುತ್ತೆ ಆ ವಾಕ್ಯ.

ಎರಡೂ ದೇವರ ವಾಕ್ಯ. ಎರಡಕ್ಕೂ ನಾವು ಆಮೆನ್ ಅಂತೀವಿ. ಆದ್ರೆ ಒಂದು ಪ್ರಶ್ನೆ ಇದೆ. ನಾನು ಯಾರ ಬೋಧನೆಯ ವಿರುದ್ಧ ಹೋರಾಡ್ತಾ ಇದ್ದೀನೋ, ಅವನೇ ಸೆರೆಗೆ ಬಿದ್ರೆ? ಆಗ ನಾನು ಯಾವ ವಚನ ಹಿಡ್ಕೊಳ್ಳಲಿ? ಯೂದನದ್ದಾ, ಇಬ್ರಿಯದ್ದಾ?

ಇದು ಪುಸ್ತಕದ ಪ್ರಶ್ನೆ ಅಲ್ಲ, ಪ್ರಿಯರೇ. ಯಲಹಂಕದಿಂದ ಹೊರಟು ಹೆಬ್ಬಾಳ ದಾಟಿ ಆರ್.ಟಿ. ನಗರಕ್ಕೆ ಬನ್ನಿ, ಅಲ್ಲಿಂದ ಯಶವಂತಪುರಕ್ಕೆ ಹೋಗಿ. ದಾರಿಯಲ್ಲಿ ಎಷ್ಟು ಸಭೆಗಳಿವೆ! ಸಿಎಸ್ಐ, ಕಥೋಲಿಕ, ಮೆಥೋಡಿಸ್ಟ್, ಬ್ರದರನ್, ನಮ್ಮ ಹಾಗೆ ಪೆಂತೆಕೊಸ್ತ್. ಕನ್ನಡ, ತಮಿಳು, ತೆಲುಗು, ಮಲಯಾಳ, ಇಂಗ್ಲಿಷ್. ಕೆಲವು ಕಡೆ ಒಂದೇ ಕಟ್ಟಡ, ಕೆಳಗಿನ ಫ್ಲೋರಿನಲ್ಲಿ ಒಂದು ಸಭೆ, ಮೇಲಿನ ಫ್ಲೋರಿನಲ್ಲಿ ಇನ್ನೊಂದು. ಇವರ ಡ್ರಮ್ಸ್ ಅವರಿಗೆ ಕೇಳುತ್ತೆ, ಅವರ ಪ್ರಸಂಗ ಇವರಿಗೆ ಕೇಳುತ್ತೆ. ಭಾನುವಾರ ಎದುರಾದಾಗ ಕೈಕುಲುಕಿ ಪ್ರೈಸ್ ದ ಲಾರ್ಡ್ ಅಂತಾರೆ. ಸೋಮವಾರ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬರುತ್ತೆ, 'ಈ ಸಭೆಯವರು ಸುಳ್ಳು ಬೋಧಕರು, ಎಚ್ಚರಿಕೆ' ಅಂತ. ಯಾರು ಮಾಡಿದ್ದು? ಹೆಸರಿಲ್ಲ. ಆ ಪಾಸ್ಟರ್ ನಿಜವಾಗಿ ಏನು ಹೇಳಿದ್ರು? ಮೂವತ್ತು ಸೆಕೆಂಡಿನ ತುಂಡು ಮಾತ್ರ ಇದೆ. ಆದರೂ ಮಧ್ಯಾಹ್ನ ಊಟದ ಹೊತ್ತಿಗೆ ಅದು ಹತ್ತು ಗ್ರೂಪ್ ದಾಟಿರುತ್ತೆ.

ಹಾಗಾದ್ರೆ ತಪ್ಪನ್ನ ತಪ್ಪು ಅಂತ ಹೇಳಲೇಬಾರದಾ? ಹೇಳಬೇಕು. ಹೇಳಿದ ಮೇಲೆ ಆ ಮನುಷ್ಯನಿಗೆ ನಾವು ಏನು ಸಲ್ಲಿಸಬೇಕು ಅನ್ನೋದೇ ಇವತ್ತಿನ ಸಂದೇಶ. ಇದಕ್ಕೆ ಸುಮಾರು 370 ವರ್ಷದ ಹಿಂದಿನ ಒಂದು ಕರಪತ್ರದ ಜಗಳವನ್ನ ನಿಮಗೆ ಹೇಳ್ತೀನಿ. ಅದರಲ್ಲಿ ಒಬ್ಬನ ಹೆಸರು ಹಳೇ ಕನ್ನಡ ಕ್ರೈಸ್ತ ಮನೆಗಳಿಗೆ ಚೆನ್ನಾಗಿ ಗೊತ್ತು. ಜಾನ್ ಬನ್ಯನ್. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಬೈಬಲ್ ಪಕ್ಕದಲ್ಲಿ 'ಯಾತ್ರಿಕನ ಸಂಚಾರ' ಅಂತ ಒಂದು ಪುಸ್ತಕ ಇರ್ತಿತ್ತು ಅಲ್ವಾ? ಬೆನ್ನ ಮೇಲೆ ಪಾಪದ ಹೊರೆ ಹೊತ್ತುಕೊಂಡು ಒಬ್ಬ ಯಾತ್ರಿಕ ಪರಲೋಕದ ಪಟ್ಟಣಕ್ಕೆ ಹೋಗುವ ಕಥೆ. ಅದನ್ನ ಬರೆದವನೇ ಈ ಬನ್ಯನ್. ಇಂಗ್ಲಿಷಿನಲ್ಲಿ ಅದು ಅಚ್ಚಾದದ್ದು 1678ರಲ್ಲಿ.

ಈಗ 1650ರ ದಶಕದ ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಅಂತರ್ಯುದ್ಧ ಮುಗಿದಿತ್ತು. 1649ರಲ್ಲಿ ರಾಜನ ತಲೆಯನ್ನೇ ತೆಗೆದಿದ್ದರು. ಪುಸ್ತಕ ಅಚ್ಚು ಹಾಕೋದಕ್ಕೆ ಇದ್ದ ಹಳೇ ಕಟ್ಟುಪಾಡು ಸಡಿಲವಾಗಿತ್ತು. ದುಡ್ಡಿದ್ದವರು, ಇಲ್ಲದವರು, ರೈತರು, ನೇಯ್ಗೆಯವರು, ಸಿಪಾಯಿಗಳು ಎಲ್ಲರೂ ತಮ್ಮ ನಂಬಿಕೆಯನ್ನ ಸಣ್ಣ ಪುಸ್ತಿಕೆ ಮಾಡಿ ಹಂಚೋದಕ್ಕೆ ಶುರು ಮಾಡಿದರು. ಎಂಟು ಪುಟ, ಹದಿನಾರು ಪುಟ, ಹೊಲಿಗೆ ಹಾಕಿದ ಕಾಗದ, ಅಷ್ಟೇ. ನಾವು ಟ್ರ್ಯಾಕ್ಟ್ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೊಡ್ತೀವಲ್ಲ, ಅದರ ಹಿರಿಯಣ್ಣ ಅಂದ್ಕೊಳ್ಳಿ.

ಆ ಸಮಯದಲ್ಲಿ ಎದ್ದವರೇ ಕ್ವೇಕರರು. ಅವರ ಮುಂದಾಳು ಜಾರ್ಜ್ ಫಾಕ್ಸ್, 1624ರಲ್ಲಿ ಹುಟ್ಟಿದ ಒಬ್ಬ ನೇಯ್ಗೆಯವನ ಮಗ. ಅವರು ತಮ್ಮನ್ನ ಕರ್ಕೊಂಡದ್ದು 'ಸ್ನೇಹಿತರು' ಅಂತ. 'ಕ್ವೇಕರ್' ಅಂದ್ರೆ ನಡುಗುವವನು. 1650ರಲ್ಲಿ ಡಾರ್ಬಿ ಊರಿನಲ್ಲಿ ಫಾಕ್ಸ್ ನ್ಯಾಯಾಧೀಶನ ಮುಂದೆ ನಿಂತು 'ದೇವರ ವಾಕ್ಯದ ಮುಂದೆ ನಡುಗು' ಅಂದಾಗ, ಆ ನ್ಯಾಯಾಧೀಶ ಗೇಲಿಗೆ ಇಟ್ಟ ಹೆಸರು ಅದು. ನಮ್ಮನ್ನೂ ಜನ 'ಅಲ್ಲೇಲೂಯದವರು' ಅಂತ ಗೇಲಿ ಮಾಡ್ತಾರಲ್ಲ, ಹಾಗೇ.

ಅವರು ಮೌನವಾಗಿ ಕೂತು ಕಾಯ್ತಿದ್ರು. ಆತ್ಮನು ಎಬ್ಬಿಸಿದವನು ಎದ್ದು ಮಾತಾಡ್ತಿದ್ದ. ಗಂಡಸೋ ಹೆಂಗಸೋ ಅನ್ನೋ ಭೇದ ಇರಲಿಲ್ಲ. 1666ರಲ್ಲಿ ಮಾರ್ಗರೆಟ್ ಫೆಲ್ ಅನ್ನೋ ತಾಯಿ, ಸಭೆಯಲ್ಲಿ ಸ್ತ್ರೀಯರು ಮಾತಾಡೋದು ವಾಕ್ಯಕ್ಕೆ ಸರಿಯಾಗಿದೆ ಅಂತ ಒಂದು ಪುಸ್ತಿಕೆಯನ್ನ ಅಚ್ಚು ಹಾಕಿಸಿದರು. ಆಗ ಅವರು ಲ್ಯಾಂಕಾಸ್ಟರ್ ಕೋಟೆಯ ಸೆರೆಯಲ್ಲಿದ್ದರು. ಇಷ್ಟು ಕೇಳಿ ನಮಗೆ ಖುಷಿ ಆಗುತ್ತೆ. ಆದ್ರೆ ಅವರು ನಮ್ಮವರೇ ಅಂತ ಹೇಳೋಕೆ ಆಗಲ್ಲ. ಅವರಲ್ಲಿ ನೀರಿನ ದೀಕ್ಷಾಸ್ನಾನ ಇಲ್ಲ, ರೊಟ್ಟಿ ಪಾತ್ರೆ ಇಲ್ಲ. ಎಲ್ಲಾ ಒಳಗೇ ನಡೆಯುತ್ತೆ ಅಂದರು. ಅದನ್ನ ನಾವು ಒಪ್ಪಲ್ಲ. ಒಪ್ಪದೇ ಇರೋದನ್ನ ಒಪ್ಪಲ್ಲ ಅಂತ ಹೇಳಿಯೇ ಮುಂದೆ ಹೋಗೋಣ.

ಬನ್ಯನ್ನೂ ಒಪ್ಪಲಿಲ್ಲ. ಅವನು ಬೆಡ್‌ಫರ್ಡ್ ಕಡೆಯವನು, ಪಾತ್ರೆ ಪಡಗ ರಿಪೇರಿ ಮಾಡಿ ಬದುಕುತ್ತಿದ್ದವನು. ರಕ್ಷಣೆ ಹೊಂದಿ ವಾಕ್ಯ ಸಾರೋಕೆ ಶುರು ಮಾಡಿದ್ದ. 1656ರಲ್ಲಿ ಅವನ ಮೊಟ್ಟಮೊದಲ ಪುಸ್ತಕ ಅಚ್ಚಾಯ್ತು. ಯಾರ ವಿರುದ್ಧ ಗೊತ್ತಾ? ಕ್ವೇಕರರ ವಿರುದ್ಧ! ಅವನ ವಾದ ಹೀಗಿತ್ತು: ನೀವು ಒಳಗಿನ ಬೆಳಕು, ಒಳಗಿನ ಕ್ರಿಸ್ತ ಅಂತೀರಿ. ಆದರೆ ಯೆರೂಸಲೇಮಿನ ಹೊರಗೆ ನಿಜವಾಗಿ ಸತ್ತು, ದೇಹದೊಂದಿಗೆ ಎದ್ದು, ಪರಲೋಕಕ್ಕೆ ಏರಿಹೋದ ಕ್ರಿಸ್ತನನ್ನ ಮರೆತುಬಿಟ್ಟರೆ ರಕ್ಷಣೆ ಎಲ್ಲಿದೆ?

ಇದಕ್ಕೆ ಉತ್ತರ ಕೊಟ್ಟವನು ಎಡ್ವರ್ಡ್ ಬರೋ ಅನ್ನೋ ಕ್ವೇಕರ್ ಯೌವನಸ್ಥ. ಇನ್ನೂ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಅದೇ ವರ್ಷ ಅವನ ಪುಸ್ತಿಕೆ ಬಂತು. ಹೊರಗೆ ಸತ್ತು ಎದ್ದ ಕ್ರಿಸ್ತನನ್ನ ನಾವು ಅಲ್ಲಗಳೆಯಲ್ಲ, ನೀನು ನಮ್ಮ ಮಾತನ್ನ ತಿರುಚಿದ್ದೀಯ, ಆದರೆ ಅದೇ ಕ್ರಿಸ್ತನ ಬೆಳಕು ಒಳಗೆ ಕೆಲಸ ಮಾಡದಿದ್ರೆ ಹೊರಗಿನ ಸುದ್ದಿ ನಂಬಿ ಏನು ಪ್ರಯೋಜನ ಅನ್ನೋದು ಅವನ ಉತ್ತರದ ಸಾರ. 1657ರಲ್ಲಿ ಬನ್ಯನ್ ಮತ್ತೆ ಬರೆದ. ಬರೋ ಮತ್ತೆ ಉತ್ತರ ಕೊಟ್ಟ. 1659ರಲ್ಲಿ ಜಾರ್ಜ್ ಫಾಕ್ಸ್ ಒಂದು ದಪ್ಪ ಪುಸ್ತಕದಲ್ಲಿ ತಮ್ಮ ವಿರುದ್ಧ ಬರೆದ ಎಷ್ಟೋ ಜನರಿಗೆ ಸಾಲಾಗಿ ಉತ್ತರಿಸಿದ, ಅದರಲ್ಲಿ ಬನ್ಯನ್ನೂ ಒಬ್ಬ. ಮಾತು ಬಹಳ ಖಾರ ಇತ್ತು, ಎರಡೂ ಕಡೆ. ಸುಳ್ಳುಗಾರ, ಕುರುಡ ಅನ್ನೋ ತರದ ಮಾತುಗಳಿಗೇನೂ ಕಮ್ಮಿ ಇರಲಿಲ್ಲ.

ದೇವರ ಮಕ್ಕಳೇ, ಇದು ಸಣ್ಣ ವಿಷಯಕ್ಕೆ ಆದ ಜಗಳ ಅಲ್ಲ. ಕ್ರಿಸ್ತನು ಯಾರು, ರಕ್ಷಣೆ ಹೇಗೆ ಅನ್ನೋ ವಿಷಯ. ಯೂದನ ಮಾತಿನ ಪ್ರಕಾರ ಇಬ್ಬರೂ ತಮಗೆ ಸತ್ಯ ಅಂತ ಕಂಡದ್ದಕ್ಕೆ ಹೋರಾಡಿದರು.

ಆಮೇಲೆ ಏನಾಯ್ತು? 1660ರಲ್ಲಿ ಹೊಸ ರಾಜ ಎರಡನೇ ಚಾರ್ಲ್ಸ್ ಬಂದ. ರಾಜ್ಯದ ಸಭೆಯ ಹೊರಗೆ ಕೂಡಿ ಆರಾಧಿಸುವವರನ್ನ ಹಿಡಿಯೋಕೆ ಶುರುವಾಯ್ತು. ಅದೇ ವರ್ಷದ ನವೆಂಬರಿನಲ್ಲಿ ಬನ್ಯನ್ನನ್ನ ಕೂಟದಲ್ಲೇ ಹಿಡಿದರು. ಇನ್ನು ಸಾರಲ್ಲ ಅಂತ ಒಪ್ಪಿಕೊಂಡಿದ್ರೆ ಮನೆಗೆ ಹೋಗಬಹುದಿತ್ತು. ಅವನು ಒಪ್ಪಲಿಲ್ಲ. ಸುಮಾರು ಹನ್ನೆರಡು ವರ್ಷ ಸೆರೆ. ಮನೆಯಲ್ಲಿ ಹೆಂಡತಿ, ಮಕ್ಕಳು. ಹಿರಿಯ ಮಗಳಿಗೆ ಕಣ್ಣು ಕಾಣ್ತಿರಲಿಲ್ಲ.

ಕ್ವೇಕರರ ಪಾಡೂ ಅದೇ. ಅವರು ಆಣೆ ಇಡಲ್ಲ ಅಂದರು. ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಆಣೆಯೇ ಬೇಡ, ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ, ಅಷ್ಟೇ ಸಾಕು ಅಂದಿದ್ದಾರಲ್ಲ, ಅದನ್ನ ಅಕ್ಷರಶಃ ಹಿಡ್ಕೊಂಡರು. 1662ರಲ್ಲಿ ಅವರಿಗಾಗಿಯೇ ಒಂದು ಕಾನೂನು ಬಂತು. ಸಾವಿರಾರು ಜನ ಒಳಗೆ ಹೋದರು. ಬನ್ಯನ್ ಜೊತೆ ಜಗಳವಾಡಿದ್ದ ಎಡ್ವರ್ಡ್ ಬರೋ 1663ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲೇ ತೀರಿಹೋದ. ಮೂವತ್ತು ವಯಸ್ಸೂ ತುಂಬಿರಲಿಲ್ಲ.

ನೋಡಿ, ಕಾಗದದ ಮೇಲೆ ಇವರಿಬ್ಬರೂ ಎದುರುಬದುರು. ಆದರೆ ಹಿಡಿಯೋಕೆ ಬಂದವರು, ನೀನು ಒಳಗಿನ ಬೆಳಕಿನವನೋ ಹೊರಗಿನ ಕ್ರಿಸ್ತನವನೋ ಅಂತ ಕೇಳಲಿಲ್ಲ. ಇಬ್ಬರಿಗೂ ಒಂದೇ ತರದ ಬೀಗ ಹಾಕಿದರು.

1672ಕ್ಕೆ ಬರೋಣ. ರಾಜನ ಮನಸ್ಸು ಸ್ವಲ್ಪ ಸಡಿಲವಾಯ್ತು. ಜಾರ್ಜ್ ವೈಟ್‌ಹೆಡ್ ಅನ್ನೋ ಕ್ವೇಕರ್, ತಾನೂ ಸೆರೆ ಕಂಡವನು, ತಾನೂ ಟ್ರ್ಯಾಕ್ಟ್ ಬರೆದು ವಾದ ಮಾಡಿದವನು, ರಾಜನ ಹತ್ತಿರ ಹೋಗಿ ಸೆರೆಯಲ್ಲಿದ್ದ ತನ್ನ ಜನರಿಗಾಗಿ ಬೇಡಿಕೊಂಡ. ರಾಜ ಒಪ್ಪಿದ. ಆದರೆ ಸರ್ಕಾರದ ಕೆಲಸ ನಿಮಗೆ ಗೊತ್ತಲ್ಲ, ಆ ಕಾಲದಲ್ಲೂ ಹಾಗೇ. ಈ ಆಫೀಸು, ಆ ಆಫೀಸು, ಫೀಸು, ಮೊಹರು. ತಿಂಗಳುಗಟ್ಟಲೆ ಓಡಾಡಿ, ಊರೂರಿನ ಸೆರೆಮನೆಗಳಿಂದ ಹೆಸರು ತರಿಸಿ ಪಟ್ಟಿ ಮಾಡಿದರು. ಎಲ್ಲರಿಗೂ ಸೇರಿ ಒಂದೇ ಕ್ಷಮಾಪತ್ರ.

ಆಗ ಬೇರೆ ಸಭೆಗಳ ಕಡೆಯವರು ಬಂದು ಕೇಳಿದರು. ನಮ್ಮವರೂ ಸೆರೆಯಲ್ಲಿದ್ದಾರೆ, ಏನು ಮಾಡೋದು ಅಂತ. ಇವರು ಯಾರು? ಕ್ವೇಕರರ ವಿರುದ್ಧ ಹದಿನೈದು ವರ್ಷ ಪ್ರಸಂಗ ಮಾಡಿ, ಪುಸ್ತಕ ಬರೆದವರ ಗುಂಪುಗಳೇ. ವೈಟ್‌ಹೆಡ್ ಹೇಳಬಹುದಿತ್ತು, ನಿಮ್ಮ ದಾರಿ ನೀವು ನೋಡ್ಕೊಳ್ಳಿ ಅಂತ. ಹಾಗನ್ನಲಿಲ್ಲ. ಇದೇ ಪತ್ರದಲ್ಲಿ ನಿಮ್ಮವರ ಹೆಸರನ್ನೂ ಸೇರಿಸೋಕೆ ರಾಜನ ಅಪ್ಪಣೆ ಕೇಳಿ ಅಂತ ದಾರಿ ತೋರಿಸಿದ. ಸೆಪ್ಟೆಂಬರಿನಲ್ಲಿ ಮೊಹರು ಬಿತ್ತು. ಸುಮಾರು 490 ಹೆಸರುಗಳು. ಬಹುಪಾಲು ಕ್ವೇಕರರದ್ದು. ಅದರ ನಡುವೆ ಒಂದು ಹೆಸರು: ಜಾನ್ ಬನ್ಯನ್.

ಹಲ್ಲೆಲೂಯ! ಕ್ವೇಕರರ ವಿರುದ್ಧ ತನ್ನ ಮೊದಲ ಪುಸ್ತಕ ಬರೆದವನು, ಕ್ವೇಕರರು ಓಡಾಡಿ ತಂದ ಕ್ಷಮಾಪತ್ರದಲ್ಲಿ ಕ್ಷಮೆ ಪಡೆದ. ಆ ವರ್ಷದ ಬೇಸಿಗೆ ಹೊತ್ತಿಗೇ ಅವನಿಗೆ ಸಾರೋಕೆ ಲೈಸೆನ್ಸ್ ಸಿಕ್ಕಿತ್ತು, ನಿಜ. ಆದರೆ ಹಳೇ ಶಿಕ್ಷೆ ಕಾನೂನಿನಲ್ಲಿ ಅಳಿಸಿದ್ದು ಈ ಪತ್ರದಿಂದ. 'ಯಾತ್ರಿಕನ ಸಂಚಾರ' ಅಚ್ಚಾದದ್ದು ಅದಾಗಿ ಆರು ವರ್ಷದ ಮೇಲೆ.

ಈಗ ಒಬ್ಬರು ಕೇಳಬಹುದು, 'ಪಾಸ್ಟರ್, ಇದು ರಾಜಿ ಆಗಲಿಲ್ವಾ? ಬೋಧನೆ ಹೇಗಿದ್ರೂ ಪರವಾಗಿಲ್ಲ ಅಂತ ಆಗಲಿಲ್ವಾ?' ಇಲ್ಲ. ವೈಟ್‌ಹೆಡ್ ಅದಾದ ಮೇಲೂ ಕ್ವೇಕರನಾಗಿಯೇ ಇದ್ದ, ವಾದಗಳನ್ನ ಬರೀತಾನೇ ಇದ್ದ. ಯಾವ ಬೋಧನೆಯನ್ನೂ ಬಿಟ್ಟುಕೊಡದೆ ಹೆಸರು ಸೇರಿಸೋಕೆ ದಾರಿ ಮಾಡಿದ. ಬೋಧನೆ ಒಪ್ಪಿಕೊಳ್ಳೋದು ಒಂದು, ಮನುಷ್ಯನಿಗೆ ಸಲ್ಲಬೇಕಾದ್ದನ್ನ ಸಲ್ಲಿಸೋದು ಇನ್ನೊಂದು. ಮನುಷ್ಯನು ಸರಿಯಾಗಿ ನಂಬಿದ ಮೇಲೆ ಕರುಣೆ ತೋರಿಸ್ತೀನಿ ಅಂದ್ರೆ ಅದು ಕರುಣೆ ಅಲ್ಲ, ಸಂಬಳ.

ಇನ್ನೊಬ್ಬರು ಕೇಳಬಹುದು, 'ಸುಳ್ಳು ಬೋಧನೆಯಿಂದ ಆತ್ಮಗಳು ಹಾಳಾಗುತ್ತವೆ. ಅಂಥವನಿಗೆ ಸಹಾಯ ಮಾಡಿದ್ರೆ ಸುಳ್ಳಿಗೇ ಸಹಾಯ ಮಾಡಿದ ಹಾಗೆ ಅಲ್ವಾ?' ಇದು ಗಟ್ಟಿಯಾದ ಪ್ರಶ್ನೆ, ತಳ್ಳಿಹಾಕಬಾರದು. ಆದರೆ ಯೋಚಿಸಿ. ಸುಳ್ಳನ್ನ ಸೋಲಿಸಬೇಕಾದ್ದು ಯಾವುದು? ಸತ್ಯವಾ, ಬೀಗವಾ? ಎದುರಾಳಿಯನ್ನ ಬೀಗ ಹಾಕಿ ಬಾಯಿ ಮುಚ್ಚಿಸಿದ್ರೆ ನನ್ನ ಬೋಧನೆ ಸತ್ಯ ಅಂತ ಸಾಬೀತು ಆಗಲ್ಲ. ಪೌಲನು ತಾನೇ ಸೆರೆಯಲ್ಲಿದ್ದಾಗ ಫಿಲಿಪ್ಪಿಯವರಿಗೆ ಬರೀತಾನೆ, ಕೆಲವರು ಹೊಟ್ಟೆಕಿಚ್ಚಿನಿಂದ, ನನಗೆ ಸಂಕಟ ಆಗಲಿ ಅಂತಲೇ ಕ್ರಿಸ್ತನನ್ನ ಸಾರ್ತಿದ್ದಾರೆ, ಆದರೂ ಕ್ರಿಸ್ತನ ಹೆಸರು ಸಾರಲ್ಪಡ್ತಾ ಇದೆಯಲ್ಲ ಅಂತ ಸಂತೋಷಪಡ್ತೀನಿ ಅಂತ. ಅದೇ ಪೌಲ ಗಲಾತ್ಯದವರಿಗೆ ಬರೆಯುವಾಗ ಬೇರೆ ಸುವಾರ್ತೆಯ ವಿಷಯದಲ್ಲಿ ಬೆಂಕಿ ಹಾಗೆ ಮಾತಾಡ್ತಾನೆ. ಒಂದೇ ಮನುಷ್ಯ, ಒಂದೇ ಆತ್ಮ. ಎರಡೂ ಕೂಡಿ ಇರೋದಕ್ಕೆ ಸಾಧ್ಯ.

ನಮ್ಮ ಕನ್ನಡ ನಾಡಿನ ಕಡೆ ಬನ್ನಿ. ನಿಮ್ಮ ಕೈಯಲ್ಲಿರೋ ಕನ್ನಡ ಬೈಬಲ್ ಎಲ್ಲಿಂದ ಬಂತು? 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ವರ್ಷಾನುಗಟ್ಟಲೆ ದುಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಆಯ್ತು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ ಅದು. ಇವತ್ತಿಗೂ ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ.

ಆ ಪತ್ರಿಕೆಗೆ ಮುಂದೆ ಏನಾಯ್ತು? ಕಲ್ಲಚ್ಚಿನಲ್ಲಿ ಕೆಲಸ ನಿಧಾನ. ಅಚ್ಚಿನ ಮೊಳೆಗಳು ಇದ್ದದ್ದು ಬಳ್ಳಾರಿಯಲ್ಲಿ, ಲಂಡನ್ ಮಿಷನಿನವರ ಪ್ರೆಸ್‌ನಲ್ಲಿ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯ್ತು. ಬಾಸೆಲ್ಲಿನವರು ಜರ್ಮನ್ ಸ್ವಿಸ್ ಪದ್ಧತಿಯವರು, ಲಂಡನ್ ಮಿಷನಿನವರು ಪ್ರತಿ ಸಭೆಯೂ ತನ್ನನ್ನ ತಾನೇ ನಡೆಸಿಕೊಳ್ಳಬೇಕು ಅನ್ನುವವರು. ಸಭೆ ಹೇಗೆ ನಡೀಬೇಕು ಅನ್ನೋದರಲ್ಲಿ ಅವರಿಗೆ ಒಂದೇ ಅಭಿಪ್ರಾಯ ಇರಲಿಲ್ಲ. ಆದರೂ ಒಬ್ಬರ ಪತ್ರಿಕೆಗೆ ಇನ್ನೊಬ್ಬರ ಅಚ್ಚಿನ ಮೊಳೆ. ಆಮೇಲೆ ಕನ್ನಡ ಬೈಬಲ್ ತಿದ್ದುವಾಗಲೂ ಬಾಸೆಲ್, ಲಂಡನ್, ವೆಸ್ಲಿಯನ್ ಮಿಷನಿನವರು ಕೂಡಿ ಕೆಲಸ ಮಾಡಿದರು. ನಮ್ಮ ಉತ್ತರ ಬೆಂಗಳೂರಿಗೆ ಹತ್ತಿರವೇ, ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. 1910ರಲ್ಲಿ ಬೇರೆ ಬೇರೆ ಮಿಷನ್‌ಗಳು ಕೂಡಿ ಕಟ್ಟಿದ್ದು. ಹಳೇ ಮಿಷನ್ ಕಾಲದ ಪುಸ್ತಕಗಳು, ಕಾಗದಗಳು ಅಲ್ಲಿಯ ಭಂಡಾರದಲ್ಲಿವೆ.

ಇವರೆಲ್ಲ ಮಕ್ಕಳಿಗೆ ದೀಕ್ಷಾಸ್ನಾನ ಕೊಡ್ತಿದ್ದವರು. ನಾವು ಅದನ್ನ ಒಪ್ಪಲ್ಲ. ನಂಬಿದವನು ಮುಳುಗಿ ದೀಕ್ಷಾಸ್ನಾನ ತಗೋಬೇಕು ಅಂತೀವಿ. ಅದನ್ನ ಯಾವ ಬೈಬಲ್ ತೆರೆದು ತೋರಿಸ್ತೀವಿ? ಅವರು ಬೆವರು ಸುರಿಸಿ ಕನ್ನಡಕ್ಕೆ ತಂದ ಬೈಬಲ್ಲೇ! ನಾವು ಯಾರ ಬೋಧನೆಯನ್ನ ತಿದ್ದಬೇಕು ಅಂತೀವೋ ಅವರ ಋಣ ನಮ್ಮ ಮೇಲಿದೆ. ಇದನ್ನ ನೆನಪಿಟ್ಟುಕೊಂಡ್ರೆ ನಾಲಿಗೆ ಸ್ವಲ್ಪ ತಗ್ಗುತ್ತೆ.

ಮೊಗ್ಲಿಂಗ್ ಇನ್ನೊಂದು ಕೆಲಸ ಮಾಡಿದರು. ದಾಸರ ಪದಗಳನ್ನ, ಬಸವ ಪುರಾಣವನ್ನ ಕೂಡಿಸಿ ಮಂಗಳೂರಿನಲ್ಲಿ ಕಲ್ಲಚ್ಚು ಹಾಕಿಸಿದರು. ಅವರು ಆ ಮತಕ್ಕೆ ಸೇರಿದವರಲ್ಲ, ಸುವಾರ್ತೆ ಸಾರೋಕೆ ಬಂದವರು. ಆದರೂ ಈ ನಾಡಿನ ಜನ ಏನು ನಂಬ್ತಾರೆ ಅನ್ನೋದನ್ನ ಅವರವರ ಮಾತಿನಲ್ಲೇ ಕೂಡಿಸಿಟ್ಟರು. ನಾವು ಪಕ್ಕದ ಸಭೆಯ ಪಾಸ್ಟರ್ ಏನು ನಂಬ್ತಾರೆ ಅಂತ ಅವರ ಬಾಯಿಂದ ಒಂದು ಸಲ ಪೂರ್ತಿ ಕೇಳಿದ್ದೀವಾ?

ಹಾಗಾದ್ರೆ ನಾವು ಏನು ಮಾಡೋಣ? ಮೂರು ಮಾತು ಹೇಳ್ತೀನಿ, ಬರ್ಕೊಳ್ಳಿ.

ಮೊದಲನೆಯದು, ಹೆಸರಿಲ್ಲದ ಎಚ್ಚರಿಕೆಯನ್ನ ಮುಂದಕ್ಕೆ ಕಳಿಸಬೇಡಿ. ಬನ್ಯನ್, ಬರೋ ಇಬ್ಬರೂ ಖಾರವಾಗಿ ಬರೆದರು, ಆದರೆ ತಮ್ಮ ಹೆಸರು ಹಾಕಿ ಬರೆದರು. ಉತ್ತರ ಕೊಡುವವನಿಗೆ ಯಾರಿಗೆ ಕೊಡಬೇಕು ಅಂತ ಗೊತ್ತಿತ್ತು. 1673ರಿಂದ ಕ್ವೇಕರರು ಲಂಡನ್ನಿನಲ್ಲಿ ಸೋಮವಾರ ಬೆಳಿಗ್ಗೆ ಕೂಡಿ, ತಮ್ಮವರು ಬರೆದದ್ದನ್ನ ಅಚ್ಚಿಗೆ ಮುಂಚೆ ಓದಿ ನೋಡುವ ಪದ್ಧತಿ ಮಾಡಿಕೊಂಡರು. ಆತ್ಮನು ನನಗೆ ಹೇಳಿದ ಅಂತ ನಂಬಿದ ಜನರೇ, ಅದನ್ನ ಸಹೋದರರ ಮುಂದೆ ಇಟ್ಟು ಪರೀಕ್ಷಿಸಿದರು. ಅಂಥ ಪರೀಕ್ಷೆ ಕೆಲವು ಸಲ ಆತ್ಮನನ್ನ ನಂದಿಸುವ ಅಪಾಯವೂ ಇದೆ. 1 ಥೆಸಲೋನಿಕ 5ರಲ್ಲಿ ಪೌಲನು ನಂದಿಸಬೇಡಿ, ಪರೀಕ್ಷಿಸಿ ಅಂತ ಎರಡನ್ನೂ ಜೊತೆಗೇ ಹೇಳ್ತಾನೆ. ನಮಗೆ ಅಚ್ಚಿನ ಮನೆ ಬೇಕಿಲ್ಲ, ಬೆರಳು ಸಾಕು. ಅದಕ್ಕೇ ಆ ಬೆರಳನ್ನ ಒಂದು ನಿಮಿಷ ತಡೆಹಿಡಿಯೋದು ಹೆಚ್ಚು ಬೇಕು.

ಎರಡನೆಯದು, ತಪ್ಪು ಕಂಡ್ರೆ ಮೊದಲು ಅವರ ಹತ್ತಿರ ಹೋಗಿ ಕೇಳಿ. 'ಅಯ್ಯಾ, ನೀವು ಹೀಗೆ ಹೇಳಿದ್ರಂತೆ, ನಿಜವಾ? ಯಾವ ವಾಕ್ಯದ ಮೇಲೆ ಹೇಳಿದ್ರಿ?' ಅಂತ. ಅವರು ಹೌದು, ನಾನು ಹೇಳಿದ್ದು ಅದೇ ಅಂತ ಒಪ್ಪಿಕೊಳ್ಳುವ ಮಾತಿನಲ್ಲಿ ಅವರ ಬೋಧನೆಯನ್ನ ಹೇಳೋಕೆ ನಿಮಗೆ ಬರಬೇಕು. ಅದಕ್ಕೆ ಮುಂಚೆ ಖಂಡಿಸಿದ್ರೆ ನೀವು ಖಂಡಿಸೋದು ಅವರನ್ನಲ್ಲ, ನೀವೇ ಮಾಡಿದ ಗೊಂಬೆಯನ್ನ.

ಮೂರನೆಯದು ಕಷ್ಟದ್ದು. ಪಟ್ಟಿಯಲ್ಲಿ ಅವರ ಹೆಸರು ಸೇರಿಸಿ. ನಾವು ಒಪ್ಪದ ಬೋಧನೆಯ ಒಂದು ಸಣ್ಣ ಸಭೆ ಇದೆ ಅಂದ್ಕೊಳ್ಳಿ. ಮನೆ ಓನರ್ ಹಾಲ್ ಖಾಲಿ ಮಾಡಿ ಅಂದ. ಪ್ರಾರ್ಥನೆ ನಿಲ್ಲಿಸಿ ಅಂತ ಗಲಾಟೆಯಾಯ್ತು. ಪಾಸ್ಟರನ್ನ ಠಾಣೆಗೆ ಕರೆಸಿದರು. ಆ ರಾತ್ರಿ ನಮ್ಮ ಗ್ರೂಪಿನಲ್ಲಿ ಏನು ಬರುತ್ತೆ? 'ದೇವರು ನ್ಯಾಯತೀರ್ಪು ಮಾಡಿದ' ಅಂತ ಬರುತ್ತಾ? ಇಲ್ಲಾ, 'ವಕೀಲರು ಗೊತ್ತಿರೋರು ಯಾರಿದ್ದೀರಿ, ನಾಳೆ ಬೆಳಿಗ್ಗೆ ಅವರ ಮನೆಗೆ ತಿಂಡಿ ಯಾರು ತಗೊಂಡು ಹೋಗ್ತೀರಿ' ಅಂತ ಬರುತ್ತಾ? ಇಬ್ರಿಯ 13:3 ನಮ್ಮ ಸಭೆಯಲ್ಲಿ ನೆರವೇರಿದೆಯೋ ಇಲ್ವೋ ಅನ್ನೋದು ಆ ರಾತ್ರಿ ಗೊತ್ತಾಗುತ್ತೆ. ವಚನದಲ್ಲಿ 'ನಮ್ಮ ಸಭೆಯ ಸೆರೆಯವರು' ಅಂತ ಇಲ್ಲ, ನೋಡಿ.

ಇದು ನಮ್ಮ ಬೋಧನೆಗೆ ನಷ್ಟ ಅಲ್ಲ. ಅವರ ಜೊತೆ ಠಾಣೆಯ ಬೆಂಚಿನ ಮೇಲೆ ಕೂತವನು ಮುಂದೆ ಒಂದು ದಿನ 'ಅಣ್ಣಾ, ಈ ವಿಷಯದಲ್ಲಿ ವಾಕ್ಯ ಹೀಗೆ ಹೇಳುತ್ತೆ' ಅಂದ್ರೆ ಅವರು ಕೇಳಿಸಿಕೊಳ್ತಾರೆ. ಕೇಳದಿದ್ರೂ ಪರವಾಗಿಲ್ಲ. ನಾವು ಅದಕ್ಕೋಸ್ಕರ ಹೋಗಿದ್ದಲ್ಲ.

ಈ ವಾರ ಬುಧವಾರದ ಉಪವಾಸ ಪ್ರಾರ್ಥನೆಗೆ ಬರುವಾಗ ಒಂದೊಂದು ಚೀಟಿ ತನ್ನಿ. ನೀವು ಒಪ್ಪದ ಬೋಧನೆಯ ಒಂದು ಸಭೆಯ ಹೆಸರು, ಅಥವಾ ಒಬ್ಬ ದೇವಸೇವಕರ ಹೆಸರು ಅದರಲ್ಲಿ ಬರೀರಿ. ಅವರನ್ನ ತಿದ್ದು ಕರ್ತನೇ ಅಂತ ಪ್ರಾರ್ಥಿಸೋಕೆ ಮುಂಚೆ, ಅವರ ಆರೋಗ್ಯಕ್ಕೆ, ಅವರ ಮಕ್ಕಳ ಓದಿಗೆ, ಅವರ ಬಾಡಿಗೆಗೆ ಪ್ರಾರ್ಥಿಸೋಣ. ಎಲ್ಲರೂ ಎದ್ದು ನಿಲ್ಲಿ.

ಪರಲೋಕದ ತಂದೆಯೇ, ಸತ್ಯಕ್ಕಾಗಿ ನಿಲ್ಲುವ ಧೈರ್ಯ ನಮಗೆ ಕೊಡು. ನಮ್ಮ ವಿರುದ್ಧ ನಿಂತವರ ಕಷ್ಟದಲ್ಲಿ ಅವರ ಪಕ್ಕದಲ್ಲಿ ನಿಲ್ಲುವ ಮನಸ್ಸನ್ನೂ ಕೊಡು. ನಮ್ಮ ಹೆಸರುಗಳನ್ನ ನಿನ್ನ ಮಗನು ತನ್ನ ರಕ್ತ ಸುರಿಸಿ ಜೀವದ ಪುಸ್ತಕದಲ್ಲಿ ಬರೆಸಿದಾಗ ನಾವೂ ನಿನಗೆ ವಿರೋಧಿಗಳೇ ಆಗಿದ್ದೆವು ಅನ್ನೋದನ್ನ ಮರೆಯದ ಹಾಗೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.